ಸೋವಿಯತ್ ಸಾಮ್ರಾಜ್ಯದ ಖರ್ಚಿನ ಲೆಕ್ಕ: ಸೈನ್ಯ ಮತ್ತು ಮಿತ್ರದೇಶಗಳ ಭಾರವೇ ಅದನ್ನು ಮುಳುಗಿಸಿತೆ?

ಪ್ರಶ್ನೆ: ಸಕಲೇಶಪುರದ ಕಡೆಯ ನಮ್ಮ ತೋಟದ ಕಾಫಿ ರಷ್ಯಾಕ್ಕೆ ಹೋಗುತ್ತಿತ್ತೆಂದು ತಂದೆಯವರು ಹೇಳುತ್ತಿದ್ದರು. 1991ರ ನಂತರ ಆ ಗಿರಾಕಿಯೇ ಇಲ್ಲವಾದ. ಅಷ್ಟು ದೊಡ್ಡ ಸೈನ್ಯ, ಅಷ್ಟೊಂದು ಅಣ್ವಸ್ತ್ರ, ಅರ್ಧ ಯುರೋಪಿನ ಮೇಲೆ ಹಿಡಿತ ಇದ್ದ ದೇಶ ಯಾವ ಯುದ್ಧದಲ್ಲೂ ಶರಣಾಗದೆ ಕುಸಿದದ್ದು ಹೇಗೆ? ಸೈನ್ಯವನ್ನೂ ಮಿತ್ರದೇಶಗಳನ್ನೂ ಸಾಕುವ ಖರ್ಚೇ ಅದನ್ನು ಮುಳುಗಿಸಿತೆನ್ನುವುದು ನಿಜವೆ? ಆ ಖರ್ಚು ಎಷ್ಟಿತ್ತು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಖರ್ಚು ಎಷ್ಟಿತ್ತೆಂಬುದು ಆ ದೇಶವನ್ನು ಆಳುತ್ತಿದ್ದವರಲ್ಲಿಯೇ ಬಹುಮಂದಿಗೆ ತಿಳಿದಿರಲಿಲ್ಲ. ಉಳಿದ ಎಲ್ಲ ಸಂಗತಿಗಳನ್ನೂ ಈ ಒಂದು ಸಂಗತಿಯ ಬೆಳಕಿನಲ್ಲಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಸೋವಿಯತ್ ಸರ್ಕಾರ ಪ್ರತಿವರ್ಷ ಪ್ರಕಟಿಸುತ್ತಿದ್ದ ಬಜೆಟ್‌ನಲ್ಲಿ ರಕ್ಷಣಾ ವೆಚ್ಚವೆಂಬ ಒಂದೇ ಒಂದು ಸಾಲು ಇರುತ್ತಿತ್ತು. 1970ರ ದಶಕದಿಂದ 1980ರ ದಶಕದ ಕೊನೆಯವರೆಗೆ ಆ ಸಾಲಿನ ಮೊತ್ತ 1,700 ಕೋಟಿಯಿಂದ 2,000 ಕೋಟಿ ರೂಬಲ್‌ಗಳ ಆಸುಪಾಸಿನಲ್ಲಿಯೇ ನಿಂತಿತ್ತು. ಜಲಾಂತರ್ಗಾಮಿಗಳು, ಖಂಡಾಂತರ ಕ್ಷಿಪಣಿಗಳು, ಟ್ಯಾಂಕುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೂ ಖರ್ಚು ಮಾತ್ರ ಬೆಳೆಯುತ್ತಿರಲಿಲ್ಲವೆಂದರೆ ಯಾರು ನಂಬಬೇಕು? 1989ರ ಮೇ 30ರಂದು ಜನಪ್ರತಿನಿಧಿಗಳ ಮಹಾಸಭೆಯಲ್ಲಿ ದೇಶದ ಕೊನೆಯ ನಾಯಕರಾದ ಮಿಖಾಯಿಲ್ ಗೊರ್ಬಚೆವ್ ಅವರು ನಿಜವಾದ ಮೊತ್ತ 7,730 ಕೋಟಿ ರೂಬಲ್ ಎಂದು ತಿಳಿಸಿದರು. ಅಂದರೆ ಅಲ್ಲಿಯವರೆಗೆ ಜಗತ್ತಿಗೂ ಸ್ವಂತ ಪ್ರಜೆಗಳಿಗೂ ಹೇಳುತ್ತಿದ್ದುದರ ಸುಮಾರು ನಾಲ್ಕು ಪಟ್ಟು. ಮರುವರ್ಷ ಏಪ್ರಿಲ್‌ನಲ್ಲಿ ಉರಾಲ್ ಪ್ರದೇಶದ ಟ್ಯಾಂಕ್ ತಯಾರಿಕೆಯ ಊರಾದ ನಿಜ್ನಿ ತಗೀಲ್‌ನಲ್ಲಿ ಮಾತನಾಡುತ್ತ, ರಾಷ್ಟ್ರೀಯ ಆದಾಯದ ಶೇ. 18ರಷ್ಟು ಸೇನಾ ಉದ್ದೇಶಗಳಿಗೆ ಹೋಗುತ್ತಿತ್ತೆಂದು ಅವರೇ ಒಪ್ಪಿಕೊಂಡರು. ಅದೇ ಕಾಲದಲ್ಲಿ ಅಮೆರಿಕ ತನ್ನ ಉತ್ಪನ್ನದ ಶೇ. 6ರ ಆಸುಪಾಸಿನಷ್ಟನ್ನು ರಕ್ಷಣೆಗೆ ತೆಗೆದಿಡುತ್ತಿತ್ತು. ಸೋವಿಯತ್ ಆರ್ಥಿಕತೆ ಅಮೆರಿಕದ್ದರ ಅರ್ಧದಷ್ಟಿತ್ತೆಂದು ಕೆಲವರೂ, ಅದಕ್ಕಿಂತಲೂ ಬಹಳ ಚಿಕ್ಕದಿತ್ತೆಂದು ಇನ್ನು ಕೆಲವರೂ ಅಂದಾಜಿಸಿದ್ದಾರೆ. ಯಾವುದನ್ನು ಒಪ್ಪಿದರೂ, ತನಗಿಂತ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಸಿರಿವಂತನಾದ ಎದುರಾಳಿಗೆ ಅಸ್ತ್ರಕ್ಕೆ ಅಸ್ತ್ರ ಸರಿಗಟ್ಟಲು ಹೊರಟ ದೇಶ ತನ್ನ ಸಂಪತ್ತಿನ ಎರಡು ಮೂರು ಪಟ್ಟು ದೊಡ್ಡ ಪಾಲನ್ನು ಅದಕ್ಕಾಗಿ ಸುರಿಯಲೇಬೇಕಾಗಿತ್ತು.

ಗೊರ್ಬಚೆವ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿರುವ ಒಂದು ಪ್ರಸಂಗ ಇಲ್ಲಿ ಮುಖ್ಯವಾದುದು. ಯೂರಿ ಆಂದ್ರೊಪೊವ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದಾಗ ಗೊರ್ಬಚೆವ್ ಮತ್ತು ಮುಂದೆ ಪ್ರಧಾನಿಯಾದ ನಿಕೊಲಾಯ್ ರಿಜ್ಕೊವ್ ಅವರಿಗೆ ಆರ್ಥಿಕ ವಿಷಯಗಳನ್ನು ಪರಿಶೀಲಿಸುವ ಕೆಲಸ ಒಪ್ಪಿಸಿದ್ದರು. ಅದಕ್ಕಾಗಿ ಇವರಿಬ್ಬರೂ ದೇಶದ ಬಜೆಟ್ಟನ್ನು ನೋಡಬೇಕೆಂದು ಕೇಳಿದಾಗ, ನೀವು ಮಿತಿ ಮೀರಿ ಕೇಳುತ್ತಿದ್ದೀರಿ, ಬಜೆಟ್ ನಿಮಗೆ ನಿಷಿದ್ಧ ಎಂಬರ್ಥದ ಉತ್ತರ ಬಂದಿತಂತೆ. ದೇಶದ ಅತ್ಯುನ್ನತ ಮಂಡಲಿಯಲ್ಲಿ ಕುಳಿತು, ಆರ್ಥಿಕತೆಯನ್ನು ದುರಸ್ತಿ ಮಾಡುವ ಹೊಣೆ ಹೊತ್ತವರಿಗೇ ಮನೆಯ ಜಮಾ-ಖರ್ಚಿನ ಪುಸ್ತಕ ಸಿಗದಿದ್ದರೆ, ಯಾವ ಖರ್ಚು ಅಗತ್ಯ, ಯಾವುದು ಅನಗತ್ಯ ಎಂದು ತೂಗಿ ನೋಡುವವರು ಯಾರು?

ಅಮೆರಿಕದ ಬೇಹುಗಾರಿಕಾ ಸಂಸ್ಥೆ ಸಿಐಎ ಕೂಡ ಈ ಲೆಕ್ಕದಲ್ಲಿ ಎಡವಿತ್ತು. ಸೋವಿಯತ್ ಉತ್ಪನ್ನದ ಶೇ. 6ರಿಂದ 8ರಷ್ಟು ಸೇನೆಗೆ ಹೋಗುತ್ತದೆಂದು ಹೇಳುತ್ತಿದ್ದ ಅದು 1976ರಲ್ಲಿ ತನ್ನ ಅಂದಾಜನ್ನು ಶೇ. 11ರಿಂದ 13ಕ್ಕೆ ಏರಿಸಿತು. ಆಗ ಹೊಸದಾಗಿ ಯಾವ ಟ್ಯಾಂಕಾಗಲಿ ಕ್ಷಿಪಣಿಯಾಗಲಿ ಪತ್ತೆಯಾಗಿರಲಿಲ್ಲ. ಅದೇ ಟ್ಯಾಂಕು, ಅದೇ ಕ್ಷಿಪಣಿಗಳನ್ನು ಮಾಡಲು ಸೋವಿಯತ್ ಕಾರ್ಖಾನೆಗಳು ಸಿಐಎ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಸಂಪನ್ಮೂಲ ಬಳಸುತ್ತಿದ್ದವೆಂಬುದು ಮಾತ್ರ ತಿಳಿದುಬಂದಿತ್ತು. ಬೆಲೆಗಳನ್ನು ಮಾರುಕಟ್ಟೆಯ ಬದಲು ಕಚೇರಿಯೊಂದು ನಿಗದಿ ಮಾಡುವ ವ್ಯವಸ್ಥೆಯಲ್ಲಿ ಉಕ್ಕು, ವಿದ್ಯುತ್ತು, ಟೈಟಾನಿಯಂಗಳನ್ನು ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಅಗ್ಗದ ದರಕ್ಕೆ ಬರೆದುಕೊಟ್ಟರೆ ಕಾಗದದ ಮೇಲೆ ಟ್ಯಾಂಕು ಅಗ್ಗವಾಗಿಯೇ ಕಾಣುತ್ತದೆ. ಹಾಗೆಂದು ಆ ಉಕ್ಕಿನಿಂದ ಆಗಬಹುದಾಗಿದ್ದ ಟ್ರ್ಯಾಕ್ಟರು, ಪೈಪು, ಸೇತುವೆಗಳ ನಷ್ಟ ಇಲ್ಲವಾಗುವುದಿಲ್ಲ.

ಈ ಕಾರಣಕ್ಕಾಗಿಯೇ ರೂಬಲ್‌ಗಳ ಮೊತ್ತಕ್ಕಿಂತ ಆ ಹೊರೆ ಕಾರ್ಖಾನೆಯ ಒಳಗೆ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ನೋಡುವುದು ಹೆಚ್ಚು ಉಪಯುಕ್ತವೆಂದು ನನಗೆ ಅನ್ನಿಸಿದೆ. ಸೋವಿಯತ್ ಕಾರ್ಖಾನೆಗಳಲ್ಲಿ ತಯಾರಾದ ಸರಕನ್ನು ಪರೀಕ್ಷಿಸುವ ವಿಭಾಗವಿರುತ್ತಿತ್ತು. ಆದರೆ ಅದರ ನೌಕರರು ಅದೇ ಕಾರ್ಖಾನೆಯ ಸಂಬಳದವರು, ತಿಂಗಳ ಯೋಜನೆಯ ಗುರಿ ಮುಟ್ಟಿದರೆ ಬರುವ ಬೋನಸ್ಸಿನಲ್ಲಿ ಅವರಿಗೂ ಪಾಲು. ಹಾಗಾಗಿ ಕೊರತೆಯಿದ್ದ ಸರಕೂ ದಾಟಿಹೋಗುತ್ತಿತ್ತು. ಸೇನೆಗೆ ಸರಕು ಪೂರೈಸುವ ಕಾರ್ಖಾನೆಗಳಲ್ಲಿ ಮಾತ್ರ ರಕ್ಷಣಾ ಸಚಿವಾಲಯದ ಪ್ರತಿನಿಧಿಯೊಬ್ಬ ಕೂರುತ್ತಿದ್ದ. ರಷ್ಯನ್ನರು ಅವನನ್ನು ವೊಯೆನ್‌ಪ್ರೆಡ್ ಎನ್ನುತ್ತಿದ್ದರು. ಅವನು ಕಾರ್ಖಾನೆಯ ನಿರ್ದೇಶಕನ ಕೈಕೆಳಗಿನವನಲ್ಲ. ಒಂದು ವಾಲ್ವು, ಒಂದು ಬೇರಿಂಗು, ಒಂದು ವಿದ್ಯುನ್ಮಾನ ಬಿಡಿಭಾಗ ಅಳತೆಗೆ ಸರಿಯಿಲ್ಲದಿದ್ದರೆ ಅವನು ಪಕ್ಕಕ್ಕೆ ಸರಿಸುತ್ತಿದ್ದ, ಅವನು ಒಲ್ಲೆನೆಂದ ಬಿಡಿಭಾಗ ಎಷ್ಟೋ ಸಲ ಜನಸಾಮಾನ್ಯರ ರೇಡಿಯೊ, ಟಿವಿಗಳೊಳಗೆ ಸೇರುತ್ತಿತ್ತು. ದೇಶದ ಟಿವಿ, ರೇಡಿಯೊಗಳೆಲ್ಲ, ರೆಫ್ರಿಜರೇಟರುಗಳಲ್ಲಿ ಬಹುಪಾಲು ರಕ್ಷಣಾ ಉದ್ಯಮದ ಸಚಿವಾಲಯಗಳ ಅಧೀನದ ಕಾರ್ಖಾನೆಗಳಲ್ಲಿಯೇ ತಯಾರಾಗುತ್ತಿದ್ದವು. ಆದರೆ ಅಲ್ಲಿಯೂ ಗೃಹೋಪಯೋಗಿ ಸರಕಿನ ಸಾಲಿಗೆ ಸಿಕ್ಕುತ್ತಿದ್ದದ್ದು ಎರಡನೆಯ ದರ್ಜೆಯ ಸಾಮಗ್ರಿ, ಎರಡನೆಯ ದರ್ಜೆಯ ಗಮನ. ಬಣ್ಣದ ಟಿವಿಗಳು ಬೆಂಕಿ ಹೊತ್ತಿಕೊಂಡ ವರದಿಗಳು ಸೋವಿಯತ್ ಪತ್ರಿಕೆಗಳಲ್ಲಿಯೇ ಬಂದಿವೆ.

ಮನುಷ್ಯರ ವಿಷಯದಲ್ಲಿಯೂ ಇದೇ ಆಯಿತು. ಗಣಿತ, ಭೌತಶಾಸ್ತ್ರ, ಲೋಹಶಾಸ್ತ್ರಗಳಲ್ಲಿ ಜಾಣರಾದ ಹುಡುಗ ಹುಡುಗಿಯರು ಪದವಿ ಮುಗಿಸಿ ಹೋಗುತ್ತಿದ್ದದ್ದು ಅರ್ಜಮಾಸ್-16, ಚೆಲ್ಯಾಬಿನ್ಸ್ಕ್-70 ಮುಂತಾದ, ನಕಾಶೆಯಲ್ಲಿ ಹೆಸರೇ ಇಲ್ಲದ ಮುಚ್ಚಿದ ನಗರಗಳಿಗೆ, ಅಥವಾ ಕೇವಲ ಅಂಚೆಪೆಟ್ಟಿಗೆ ಸಂಖ್ಯೆಯಿಂದ ಗುರುತಿಸಲಾಗುತ್ತಿದ್ದ ಸಂಸ್ಥೆಗಳಿಗೆ. ಅಲ್ಲಿ ಅಂಗಡಿಗಳಲ್ಲಿ ಮಾಂಸ, ಬೆಣ್ಣೆ ಸಿಗುತ್ತಿತ್ತು, ಮನೆ ಬೇಗ ಸಿಗುತ್ತಿತ್ತು. ಹೊರಗಿನ ಸಾಧಾರಣ ಊರುಗಳ ಜನ, ಉದಾಹರಣೆಗೆ ತುಲಾ, ರಿಯಜಾನ್‌ಗಳವರು, ವಾರಕ್ಕೊಮ್ಮೆ ರೈಲು ಹತ್ತಿ ಮಾಸ್ಕೋಗೆ ಹೋಗಿ ಸಾಸೇಜು ಕೊಂಡು ತರುತ್ತಿದ್ದರು. ಆ ರೈಲುಗಳಿಗೆ ಸಾಸೇಜ್ ರೈಲು ಎಂದೇ ಹೆಸರಾಗಿತ್ತು. ದಾರಿಯಲ್ಲಿ ಎಲ್ಲಾದರೂ ಏನಾದರೂ ಸಿಕ್ಕೀತೆಂದು ಹೆಂಗಸರು ಸದಾ ಕೈಚೀಲದಲ್ಲಿ ಮಡಚಿಟ್ಟುಕೊಳ್ಳುತ್ತಿದ್ದ ಹಗುರವಾದ ಬಲೆಚೀಲಕ್ಕೆ ಅವೊಸ್ಕಾ ಎಂದು ಹೆಸರು. ‘ಸಿಕ್ಕರೂ ಸಿಗಬಹುದು’ ಎಂಬ ಅರ್ಥದ ಮಾತಿನಿಂದ ಹುಟ್ಟಿದ ಪದ ಅದು. ರಾಷ್ಟ್ರೀಯ ಆದಾಯದ ಶೇ. 18 ಎಂಬ ಅಂಕಿ ಮನೆಯ ಒಳಗೆ ಹೇಗೆ ಕಾಣುತ್ತದೆಂದು ಕೇಳಿದರೆ ನಾನು ಆ ಚೀಲವನ್ನು ತೋರಿಸುತ್ತೇನೆ. ಇದಕ್ಕಿಂತ ಕಠೋರವಾದ ಸಾಕ್ಷ್ಯವೂ ಉಂಟು: 1970ರ ದಶಕದಲ್ಲಿ ಶಿಶುಮರಣ ಪ್ರಮಾಣ ಏರತೊಡಗಿದಾಗ ಸರ್ಕಾರ ಆ ಅಂಕಿಗಳ ಪ್ರಕಟಣೆಯನ್ನೇ ನಿಲ್ಲಿಸಿತು.

ಇನ್ನು ಸಾಮ್ರಾಜ್ಯದ ಮಾತು. ಮಿತ್ರದೇಶಗಳನ್ನು ಮಾಸ್ಕೋ ಮೊದಲಿನಿಂದಲೂ ಸಾಕುತ್ತಿತ್ತೆಂಬ ಭಾವನೆ ಸರಿಯಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಸಂಪತ್ತು ಹರಿದದ್ದು ಪೂರ್ವ ಯುರೋಪಿನಿಂದ ಸೋವಿಯತ್ ಒಕ್ಕೂಟಕ್ಕೆ. ಪೂರ್ವ ಜರ್ಮನಿಯ ಕಾರ್ಖಾನೆಗಳ ಯಂತ್ರಗಳನ್ನು, ರೈಲು ಹಳಿಗಳನ್ನು ಕೂಡ ಬಿಚ್ಚಿ ಯುದ್ಧ ಪರಿಹಾರವೆಂದು ಸಾಗಿಸಲಾಯಿತು. ಪೋಲೆಂಡ್ ತನ್ನ ಕಲ್ಲಿದ್ದಲನ್ನು ತೀರ ಕಡಿಮೆ ಬೆಲೆಗೆ ಕೊಡಬೇಕಾಯಿತು. ನಾಜಿ ಆಕ್ರಮಣದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಜನರನ್ನು ಕಳೆದುಕೊಂಡಿದ್ದ ದೇಶಕ್ಕೆ ಅದು ನ್ಯಾಯವೆಂದೇ ಕಂಡಿತ್ತು. ಆದರೆ 1953ರ ಜೂನ್‌ನಲ್ಲಿ ಪೂರ್ವ ಬರ್ಲಿನ್‌ನ ಕಾರ್ಮಿಕರು, 1956ರಲ್ಲಿ ಪೋಲೆಂಡ್ ಮತ್ತು ಹಂಗೇರಿಯ ಜನರು ಬೀದಿಗಿಳಿದ ಮೇಲೆ, ಬರೀ ಬಂದೂಕಿನಿಂದ ಈ ದೇಶಗಳನ್ನು ಹಿಡಿದಿಡಲಾಗದು, ಅಲ್ಲಿನ ಜನರಿಗೆ ಒಂದಿಷ್ಟು ನೆಮ್ಮದಿಯ ಬದುಕನ್ನೂ ಒದಗಿಸಬೇಕೆಂಬುದು ಕ್ರೆಮ್ಲಿನ್‌ಗೆ ಮನವರಿಕೆಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಕಲ್ಲಿದ್ದಲಿನ ಅನ್ಯಾಯಕ್ಕೆ ಪರಿಹಾರವಾಗಿ ಪೋಲೆಂಡಿನ ಸಾಲವನ್ನು ಮನ್ನಾ ಮಾಡಲಾಯಿತು. ಅಲ್ಲಿಂದ ಮುಂದೆ ಹರಿವಿನ ದಿಕ್ಕು ಬದಲಾಯಿತು.

ಆ ಹರಿವಿನ ಮುಖ್ಯ ಕಾಲುವೆಯೆಂದರೆ ದ್ರುಜ್ಬಾ ಕೊಳವೆಮಾರ್ಗ. ದ್ರುಜ್ಬಾ ಎಂದರೆ ಗೆಳೆತನ. 1960ರ ದಶಕದ ಮೊದಲರ್ಧದಲ್ಲಿ ನಿರ್ಮಾಣವಾದ ಇದು ತಾತಾರಸ್ತಾನದ ಅಲ್ಮೆತ್ಯೆವ್ಸ್ಕ್‌ನಿಂದ ಪೋಲೆಂಡ್, ಪೂರ್ವ ಜರ್ಮನಿ, ಚೆಕೊಸ್ಲೊವಾಕಿಯಾ, ಹಂಗೇರಿಗಳವರೆಗೆ ಕಚ್ಚಾತೈಲ ಒಯ್ಯುತ್ತಿತ್ತು. ತೈಲದ ಬದಲಿಗೆ ಬರುತ್ತಿದ್ದದ್ದು ಹಂಗೇರಿಯ ಇಕಾರಸ್ ಬಸ್ಸುಗಳು, ಬಲ್ಗೇರಿಯಾದ ಡಬ್ಬಿ ತರಕಾರಿ, ಪೂರ್ವ ಜರ್ಮನಿಯ ಯಂತ್ರಗಳು. ತೈಲವನ್ನು ರಾಟರ್‌ಡ್ಯಾಮ್‌ಗೆ ಒಯ್ದರೆ ಅದೇ ದಿನ ಡಾಲರ್ ಆಗುತ್ತದೆ, ಆ ಯಂತ್ರಗಳಲ್ಲಿ ಹೆಚ್ಚಿನವನ್ನು ಪಶ್ಚಿಮದಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಜೊತೆಗೆ ತೈಲದ ಬೆಲೆಯ ಪ್ರಶ್ನೆಯಿತ್ತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆ ಬಿಗಿಗೊಳಿಸಿ ಜಾಗತಿಕ ಬೆಲೆ ನಾಲ್ಕು ಪಟ್ಟಾದಾಗ, ಮಿತ್ರದೇಶಗಳಿಗೆ ಅದನ್ನು ಒಮ್ಮೆಗೇ ವಿಧಿಸಲು ಮಾಸ್ಕೋ ಮುಂದಾಗಲಿಲ್ಲ. 1975ರಿಂದ ಹಿಂದಿನ ಐದು ವರ್ಷಗಳ ಜಾಗತಿಕ ಬೆಲೆಯ ಸರಾಸರಿಯನ್ನು ವರ್ಷವರ್ಷವೂ ಲೆಕ್ಕ ಹಾಕುವ ಸೂತ್ರ ಜಾರಿಗೆ ಬಂತು. ಬೆಲೆ ಏರುತ್ತಿರುವ ಕಾಲದಲ್ಲಿ ಐದು ವರ್ಷದ ಸರಾಸರಿಯೆಂದರೆ ರಿಯಾಯಿತಿಯೇ. ಮೈಕೆಲ್ ಮರೀಸ್ ಮತ್ತು ಯಾನ್ ವಾನೌಸ್ ಎಂಬ ಅರ್ಥಶಾಸ್ತ್ರಜ್ಞರು ಈ ಮರೆಯ ಸಬ್ಸಿಡಿಯನ್ನು ಹಲವು ಸಾವಿರ ಕೋಟಿ ಡಾಲರ್‌ಗಳೆಂದು ಎಣಿಸಿದರು. ಅವರ ವಿಧಾನವನ್ನು ಪ್ರಶ್ನಿಸಿದವರೂ ಇದ್ದಾರೆ, ನನ್ನ ದೃಷ್ಟಿಯಲ್ಲಿಯೂ ಆ ಮೊತ್ತ ಸ್ವಲ್ಪ ಹಿಗ್ಗಿದ್ದೇ. ಆದರೆ ಕೊಡುವವನು ಯಾರು, ಪಡೆಯುವವನು ಯಾರು ಎಂಬ ಬಗ್ಗೆ ಸಂದೇಹವಿಲ್ಲ.

ಈ ಕೊಡುಗೆಯನ್ನು ನಿಲ್ಲಿಸುವುದು ಎಷ್ಟು ಕಷ್ಟವಾಗಿತ್ತೆಂಬುದಕ್ಕೆ 1981ರ ಒಂದು ಘಟನೆ ಸಾಕು. ಆ ವರ್ಷ ಸೋವಿಯತ್ ಕೃಷಿ ಸತತ ಮೂರನೆಯ ಬಾರಿ ಕೈಕೊಟ್ಟಿತ್ತು, ಧಾನ್ಯ ಕೊಳ್ಳಲು ಡಾಲರ್ ಬೇಕಿತ್ತು. ಡಾಲರ್ ಹುಟ್ಟಿಸಲು ಪಶ್ಚಿಮಕ್ಕೆ ಹೆಚ್ಚು ತೈಲ ಮಾರಬೇಕಿತ್ತು. ಆದ್ದರಿಂದ ಪೂರ್ವ ಜರ್ಮನಿಗೆ ಕೊಡುತ್ತಿದ್ದ ಸುಮಾರು 1.9 ಕೋಟಿ ಟನ್ ತೈಲದಲ್ಲಿ 20 ಲಕ್ಷ ಟನ್ ಕಡಿತ ಮಾಡುವುದಾಗಿ ಅಂದಿನ ಸೋವಿಯತ್ ನಾಯಕ ಬ್ರೆಜ್ನೆವ್ ತಿಳಿಸಿದರು. ಆ ತೈಲದಲ್ಲಿ ಒಂದು ಭಾಗವನ್ನು ಶುದ್ಧೀಕರಿಸಿ ಪಶ್ಚಿಮಕ್ಕೇ ಮಾರಿ ತಮ್ಮ ಸಾಲದ ಕಂತು ಕಟ್ಟುತ್ತಿದ್ದ ಪೂರ್ವ ಜರ್ಮನಿಯ ನಾಯಕ ಎರಿಕ್ ಹೊನೆಕರ್ ಕಂಗಾಲಾದರು. ಅಕ್ಟೋಬರ್‌ನಲ್ಲಿ ಬರ್ಲಿನ್‌ಗೆ ಬಂದ ಸೋವಿಯತ್ ಪಕ್ಷದ ಕಾರ್ಯದರ್ಶಿ ಕಾನ್‌ಸ್ಟಂಟಿನ್ ರುಸಾಕೊವ್ ಅವರಿಗೆ, 20 ಲಕ್ಷ ಟನ್ ತೈಲಕ್ಕಾಗಿ ಪೂರ್ವ ಜರ್ಮನಿಯನ್ನೇ ಅಸ್ಥಿರಗೊಳಿಸುವುದು ತಕ್ಕುದೇ ಎಂದು ಬ್ರೆಜ್ನೆವ್ ಅವರನ್ನು ಕೇಳಿ ಎಂದರು. ರುಸಾಕೊವ್, ತಮ್ಮ ದೇಶ ದೊಡ್ಡ ಆಪತ್ತಿನಲ್ಲಿದೆ, ಈ ಪೆಟ್ಟನ್ನು ಹಂಚಿಕೊಳ್ಳದಿದ್ದರೆ ಜಗತ್ತಿನಲ್ಲಿ ಈಗಿರುವ ಸ್ಥಾನವನ್ನು ಉಳಿಸಿಕೊಳ್ಳುವುದೇ ಕಷ್ಟವಾದೀತು ಎಂಬರ್ಥದಲ್ಲಿ ಉತ್ತರಿಸಿದರು. ಹತ್ತು ವರ್ಷ ಮೊದಲೇ ಆಡಿದ ಈ ಮಾತನ್ನು ಓದುವಾಗಲೆಲ್ಲ, ಒಳಗಿದ್ದ ಕೆಲವರಿಗೆ ಸ್ಥಿತಿಯ ಅರಿವು ಎಷ್ಟು ಸ್ಪಷ್ಟವಾಗಿತ್ತೆಂದು ನನಗೆ ಆಶ್ಚರ್ಯವಾಗುತ್ತದೆ. ಅದೇ ಡಿಸೆಂಬರ್ 10ರಂದು ಪೋಲೆಂಡಿನ ಬಗ್ಗೆ ಚರ್ಚಿಸಿದ, ಪಕ್ಷದ ಅತ್ಯುನ್ನತ ಮಂಡಲಿಯಾದ ಪಾಲಿಟ್‌ಬ್ಯೂರೊ ಸಭೆಯಲ್ಲಿ, ಪೋಲೆಂಡ್ ಅಲ್ಲಿನ ಸರ್ಕಾರವನ್ನು ಎದುರಿಸುತ್ತಿದ್ದ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆಯ ಕೈಗೆ ಹೋದರೂ ಸರಿಯೆ, ಸೈನ್ಯ ಕಳಿಸುವ ಅಪಾಯಕ್ಕೆ ಕೈಹಾಕಬಾರದು, ಮೊದಲು ನಮ್ಮ ದೇಶವನ್ನು ನೋಡಿಕೊಳ್ಳಬೇಕು ಎಂದು ವಾದಿಸಿದವರು ಸ್ವತಃ ಆಂದ್ರೊಪೊವ್.

ಯುರೋಪಿನ ಆಚೆಗೂ ಹೊರೆ ಹಬ್ಬಿತ್ತು. 1972ರಲ್ಲಿ ಕೊಮೆಕಾನ್ ಎಂಬ ಆರ್ಥಿಕ ಒಕ್ಕೂಟ ಸೇರಿದ ಕ್ಯೂಬಾದ ಸಕ್ಕರೆಯನ್ನು ಜಾಗತಿಕ ಬೆಲೆಗಿಂತ ಬಹಳ ಹೆಚ್ಚಿಗೆ ಕೊಂಡು, ತೈಲವನ್ನು ಅಗ್ಗವಾಗಿ ಕೊಡಲಾಗುತ್ತಿತ್ತು. ವಿಯೆಟ್ನಾಂ, ಮಂಗೋಲಿಯಾ, ಇಥಿಯೋಪಿಯಾ, ಸಿರಿಯಾಗಳು ಇದೇ ಸಾಲಿನಲ್ಲಿದ್ದವು. ಚೀನಾದೊಂದಿಗೆ 1969ರಲ್ಲಿ ಉಸ್ಸುರಿ ನದಿಯ ದ್ವೀಪದಲ್ಲಿ ಗುಂಡಿನ ಚಕಮಕಿ ನಡೆದ ಮೇಲೆ ಪೂರ್ವದ ಗಡಿಯುದ್ದಕ್ಕೂ ಹತ್ತಾರು ಡಿವಿಷನ್‌ಗಳನ್ನು ಕಾಯಂ ಆಗಿ ನಿಲ್ಲಿಸಬೇಕಾಯಿತು. ಗಡಿಗೆ ಹತ್ತಿರದ ಹಳೆಯ ರೈಲುಮಾರ್ಗ ಶತ್ರುವಿನ ಕೈಗೆ ಸಿಕ್ಕೀತೆಂಬ ಭಯವೂ ಸೇರಿ 1974ರಿಂದ ಹೆಪ್ಪುಗಟ್ಟಿದ ನೆಲದಲ್ಲಿ ಬೈಕಲ್–ಅಮೂರ್ ಮಾರ್ಗವನ್ನು ಹಾಸಲಾಯಿತು. ಅಫ್ಘಾನಿಸ್ತಾನದ ಯುದ್ಧಕ್ಕೆ ವರ್ಷಕ್ಕೆ ಸುಮಾರು 500 ಕೋಟಿ ರೂಬಲ್ ಖರ್ಚಾಗುತ್ತಿತ್ತೆಂದು ರಿಜ್ಕೊವ್ 1989ರಲ್ಲಿ ಹೇಳಿದರು. ಒಟ್ಟು ಸೇನಾವೆಚ್ಚದ ಮುಂದೆ ಇದು ಸಣ್ಣ ಮೊತ್ತವೇ. ಆ ಯುದ್ಧದ ಆರ್ಥಿಕ ಪೆಟ್ಟಿಗಿಂತ, ಊರಿಗೆ ಮರಳಿದ ಸುಮಾರು 15,000 ಸತುವಿನ ಶವಪೆಟ್ಟಿಗೆಗಳು ಜನರ ನಂಬಿಕೆಗೆ ಕೊಟ್ಟ ಪೆಟ್ಟೇ ದೊಡ್ಡದು.

ಹಾಗಾದರೆ ಇಷ್ಟು ಭಾರವನ್ನು ಅಷ್ಟು ಕಾಲ ಹೊರಲು ಸಾಧ್ಯವಾದದ್ದು ಹೇಗೆ? ಪಶ್ಚಿಮ ಸೈಬೀರಿಯಾದ ತೈಲದಿಂದ. 1965ರಲ್ಲಿ ಪತ್ತೆಯಾದ ಸಮೊತ್ಲೋರ್ ನಿಕ್ಷೇಪ ಜಗತ್ತಿನ ಅತಿ ದೊಡ್ಡವುಗಳಲ್ಲೊಂದು. ಅದು ತುಂಬಿ ಹರಿಯತೊಡಗಿದ ಕಾಲಕ್ಕೇ ಜಾಗತಿಕ ಬೆಲೆಯೂ ಏರಿತು. ಒಂದು ಕಾಲದಲ್ಲಿ ಗೋಧಿ ರಫ್ತಿಗೆ ಹೆಸರಾಗಿದ್ದ ನಾಡು 1963ರಿಂದ ಧಾನ್ಯ ಆಮದು ಮಾಡಿಕೊಳ್ಳಲು ಆರಂಭಿಸಿ, 1980ರ ದಶಕದ ಮಧ್ಯಭಾಗದ ಹೊತ್ತಿಗೆ ಕೆಲವು ವರ್ಷ 4 ಕೋಟಿ ಟನ್‌ಗೂ ಹೆಚ್ಚು ತರಿಸಿಕೊಳ್ಳುತ್ತಿತ್ತು. ತೈಲ ಮಾರಿದ ಡಾಲರಿನಲ್ಲಿ ರೊಟ್ಟಿಯ ವ್ಯವಸ್ಥೆ ನಡೆದುಹೋಗುತ್ತಿದ್ದುದರಿಂದ ಸಾಮೂಹಿಕ ಕೃಷಿಯನ್ನಾಗಲಿ ಸೇನಾವೆಚ್ಚವನ್ನಾಗಲಿ ಮುಟ್ಟುವ ತುರ್ತು ಯಾರಿಗೂ ಕಾಣಲಿಲ್ಲ. 1985ರ ಕೊನೆಯಲ್ಲಿ ಸೌದಿ ಅರೇಬಿಯಾ ಉತ್ಪಾದನೆ ಹೆಚ್ಚಿಸಿತು. ಬ್ಯಾರೆಲ್‌ಗೆ 27 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1986ರ ನಡುವೆ 10 ಡಾಲರ್‌ನ ಹತ್ತಿರಕ್ಕೆ ಇಳಿಯಿತು. ಅದೇ ಏಪ್ರಿಲ್‌ನಲ್ಲಿ ಚೆರ್ನೊಬಿಲ್ ಅಣುಸ್ಥಾವರ ಸ್ಫೋಟಿಸಿತು. ಮದ್ಯಪಾನದ ವಿರುದ್ಧದ ಅಭಿಯಾನದಿಂದ ಬೊಕ್ಕಸದ ದೊಡ್ಡ ಆದಾಯವೊಂದು ಆಗಲೇ ಸೊರಗಿತ್ತು. ಒಂದೊಂದನ್ನೇ ತಡೆದುಕೊಳ್ಳಬಹುದಾಗಿದ್ದ ಪೆಟ್ಟುಗಳು ಇವು. ಆದರೆ ಬೆನ್ನ ಮೇಲೆ ಮೊದಲೇ ಬಂಡೆ ಹೊತ್ತವನು ಎಡವಿದರೆ ಏಳುವುದು ಕಷ್ಟ.

ಅಮೆರಿಕದ ಅಧ್ಯಕ್ಷ ರೇಗನ್ ಅವರ, ಶತ್ರುಕ್ಷಿಪಣಿಗಳನ್ನು ಬಾಹ್ಯಾಕಾಶದಲ್ಲಿಯೇ ತಡೆಯುವ ನಕ್ಷತ್ರ ಯುದ್ಧದ ಯೋಜನೆಯೇ ಸೋವಿಯತ್ ಒಕ್ಕೂಟವನ್ನು ದಿವಾಳಿ ಮಾಡಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. 1983ರ ಆ ಘೋಷಣೆಯ ನಂತರ ಸೋವಿಯತ್ ಸೇನಾವೆಚ್ಚ ಒಮ್ಮೆಲೇ ಜಿಗಿದದ್ದಕ್ಕೆ ಗಟ್ಟಿಯಾದ ಆಧಾರವಿಲ್ಲ. ಭಾರ ಹೊಸದಾಗಿರಲಿಲ್ಲ, ಅದು ದಶಕಗಳಿಂದ ಇದ್ದದ್ದು. ಖರ್ಚನ್ನು ಇಳಿಸುವ ದಾರಿಯೂ ಇತ್ತು. 1985ರಲ್ಲಿ ಡೆಂಗ್ ಶಿಯಾವೊಪಿಂಗ್ ಚೀನಾದ ಸೈನ್ಯದಿಂದ 10 ಲಕ್ಷ ಜನರನ್ನು ಕಡಿಮೆ ಮಾಡುವುದಾಗಿ ಸಾರಿ, ರಕ್ಷಣೆ ಸ್ವಲ್ಪ ಕಾಯಲಿ, ಆರ್ಥಿಕತೆ ಮೊದಲು ಎಂದರು. ಗೊರ್ಬಚೆವ್ ಅಂಥ ಹೆಜ್ಜೆಯಿಟ್ಟದ್ದು 1988ರ ಡಿಸೆಂಬರ್ 7ರಂದು, ವಿಶ್ವಸಂಸ್ಥೆಯಲ್ಲಿ 5 ಲಕ್ಷ ಸೈನಿಕರ ಕಡಿತ ಘೋಷಿಸಿದಾಗ. ಅಷ್ಟರಲ್ಲಿ ತೈಲದ ಹಣ ಕರಗಿತ್ತು, ವಿದೇಶಿ ಸಾಲ ಏರುತ್ತಿತ್ತು. ಪೂರ್ವ ಯುರೋಪಿನ ದೇಶಗಳಿಗಂತೂ ಸೈನ್ಯ ಇನ್ನು ಬರುವುದಿಲ್ಲವೆಂಬ ಸಂದೇಶವಾಗಿಯೇ ಅದು ಕೇಳಿಸಿತು. 1990ರ ಸೆಪ್ಟೆಂಬರ್‌ನಲ್ಲಿ, ಪೂರ್ವ ಜರ್ಮನಿಯಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಊರಿಗೆ ಕರೆತರಲು, ಅವರಿಗೆ ಮನೆ ಕಟ್ಟಲು ತನ್ನಲ್ಲಿ ಹಣವಿಲ್ಲದೆ ಗೊರ್ಬಚೆವ್ ದೂರವಾಣಿಯಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಕೋಲ್ ಅವರೊಂದಿಗೆ ಚೌಕಾಸಿ ಮಾಡಬೇಕಾಯಿತು. ಕೊನೆಗೆ 1,200 ಕೋಟಿ ಮಾರ್ಕ್ ನೆರವಿಗೂ 300 ಕೋಟಿ ಮಾರ್ಕ್ ಬಡ್ಡಿರಹಿತ ಸಾಲಕ್ಕೂ ಒಪ್ಪಂದವಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಸೈನ್ಯ ಮತ್ತು ಸಾಮ್ರಾಜ್ಯದ ಖರ್ಚೊಂದೇ ಆ ದೇಶವನ್ನು ಕೊಲ್ಲಲಿಲ್ಲ. ರಾಷ್ಟ್ರೀಯತೆಯ ಅಲೆ, ಯೋಜನಾಬದ್ಧ ಆರ್ಥಿಕತೆಯ ಒಳದೋಷಗಳು, ನಾಯಕರ ತಪ್ಪುಗಳು ಎಲ್ಲಕ್ಕೂ ಪಾಲಿದೆ. ಆದರೆ ದೇಶದ ಒಳ್ಳೆಯ ಉಕ್ಕು, ಒಳ್ಳೆಯ ಯಂತ್ರ, ಒಳ್ಳೆಯ ತಲೆಗಳನ್ನು ನಲವತ್ತು ವರ್ಷ ಒಂದೇ ಕಡೆಗೆ ಎಳೆದುಕೊಂಡದ್ದೂ, ಅದರ ಲೆಕ್ಕವನ್ನು ಆಳುವವರಿಂದಲೇ ಮುಚ್ಚಿಟ್ಟದ್ದೂ ಉಳಿದ ರೋಗಗಳನ್ನು ಗುಣಪಡಿಸುವ ಶಕ್ತಿಯನ್ನು ಕಸಿದುಕೊಂಡವು.

ತಮ್ಮ ತಂದೆಯವರ ಕಾಫಿಯೂ ಈ ಲೆಕ್ಕದ ಒಂದು ಸಾಲು. ಭಾರತ ಮಿಗ್ ವಿಮಾನಗಳನ್ನೂ ಟ್ಯಾಂಕುಗಳನ್ನೂ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲದ ಮೇಲೆ ಪಡೆದು, ಅದನ್ನು ರೂಪಾಯಿಯಲ್ಲಿ ತೀರಿಸುತ್ತಿತ್ತು. ಆ ರೂಪಾಯಿಯಲ್ಲಿ ಸೋವಿಯತ್ ಒಕ್ಕೂಟ ಇಲ್ಲಿಂದ ಚಹಾ, ಕಾಫಿ, ಗೋಡಂಬಿ, ಚರ್ಮದ ಸಾಮಾನು, ಬಟ್ಟೆಬರೆ ಕೊಳ್ಳುತ್ತಿತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಎಲ್ಲರ ಕಾಫಿಯನ್ನೂ ಕಡ್ಡಾಯವಾಗಿ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಹಾಕಿದ ಬೀಜಕ್ಕೆ ಆ ದಿನಗಳಲ್ಲಿ ಅತಿ ದೊಡ್ಡ ವಿದೇಶಿ ಗಿರಾಕಿ ಅದೇ ಆಗಿತ್ತು. 1990ರ ಮಾರ್ಚ್ 1ರಂದು ಇಜ್ವೆಸ್ತಿಯಾ ಪತ್ರಿಕೆ, ಯಾವ ಯಾವ ದೇಶದಿಂದ ಸೋವಿಯತ್ ಒಕ್ಕೂಟಕ್ಕೆ ಎಷ್ಟು ಬಾಕಿಯಿದೆಯೆಂಬ ಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. ಒಟ್ಟು ಸುಮಾರು 8,580 ಕೋಟಿ ರೂಬಲ್. ಕ್ಯೂಬಾದ್ದು ಎಲ್ಲಕ್ಕಿಂತ ಹೆಚ್ಚು, ಭಾರತದ್ದು ಸುಮಾರು 890 ಕೋಟಿ. ಇತರ ಹಲವು ದೇಶಗಳ ಸಾಲ ಮುಂದೆ ಬಹುಮಟ್ಟಿಗೆ ಮನ್ನಾ ಆಯಿತು. ಭಾರತ ಮಾತ್ರ 1993ರ ಜನವರಿಯಲ್ಲಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ದೆಹಲಿಗೆ ಬಂದಾಗ ರೂಬಲ್‌ನ ದರವನ್ನು ಇತ್ಯರ್ಥ ಮಾಡಿಕೊಂಡು, ಒಂದು ಭಾಗವನ್ನು 12 ವರ್ಷಗಳಲ್ಲೂ ಉಳಿದುದನ್ನು ಬಡ್ಡಿಯಿಲ್ಲದೆ 45 ವರ್ಷಗಳಲ್ಲೂ ತೀರಿಸುವುದಾಗಿ ಒಪ್ಪಿಕೊಂಡಿತು. ಆ ಕಂತಿನ ರೂಪಾಯಿಯಿಂದಲೇ ರಷ್ಯಾ ಮುಂದೆಯೂ ಹಲವು ವರ್ಷ ನಮ್ಮ ಚಹಾ, ಕಾಫಿಗಳನ್ನು ಕೊಂಡಿತು. ಆದರೆ 1989ರಲ್ಲಿ ಪ್ರತಿ ದೇಶದ ರಫ್ತಿಗೆ ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದದ್ದಕ್ಕೆ ಸೋವಿಯತ್ ಖರೀದಿಯ ಕುಸಿತವೂ ಸೇರಿ ಮಂಡಳಿಯ ಹಳೆಯ ವ್ಯವಸ್ಥೆ ನಿಲ್ಲಲಾರದಾಯಿತು. 1996ರ ಹೊತ್ತಿಗೆ ಕಡ್ಡಾಯ ಪೂಲ್ ಕೊನೆಗೊಂಡು, ಬೆಳೆಗಾರರು ತಮ್ಮ ಕಾಫಿಯನ್ನು ತಮಗೆ ಬೇಕಾದವರಿಗೆ ಮಾರುವಂತಾಯಿತು.